ಒಂದು ಹೆಸರೂ ಬಿಟ್ಟುಹೋಗಲಿಲ್ಲ

ಕಳೆದ ಶುಕ್ರವಾರ ಸಂಜೆ ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ನಮ್ಮ ಹಳೆಯ ಸಬ್‌ವರ್ಶನ್ (ಎಸ್‌ವಿಎನ್) ರೆಪೊಗೆ, ಅಂದರೆ ಕೋಡ್ ಉಗ್ರಾಣಕ್ಕೆ, ಬೀಗ ಹಾಕಿದೆವು. ಇನ್ನು ಅದನ್ನು ಓದಬಹುದು, ಕಮಿಟ್ ಮಾಡುವಂತಿಲ್ಲ, ಅಂದರೆ ಹೊಸ ಬದಲಾವಣೆ ಸೇರಿಸುವಂತಿಲ್ಲ. ಸಹಕಾರಿ ಬ್ಯಾಂಕುಗಳಿಗಾಗಿ ನಾವು ಮಾಡುವ ಲೆಕ್ಕಪತ್ರದ ತಂತ್ರಾಂಶ ಅದೇ ಕೆಲಸ ಮಾಡುವ ಗಿಟ್ ಎಂಬ ಇನ್ನೊಂದು ವ್ಯವಸ್ಥೆಗೆ ಪೂರ್ತಿಯಾಗಿ ಬಂದಿದೆ. ಹದಿನಾಲ್ಕು ತಿಂಗಳು ಹಿಡಿಯಿತು. ಜೊತೆಗೆ ದುಡಿದವರಿಗೆಲ್ಲ ಬಾಯಲ್ಲಿ ಥ್ಯಾಂಕ್ಸ್ ಹೇಳಿದ್ದಾಯಿತು, ಆದರೂ ಬರೆದು ಹೇಳದೆ ನನಗೆ ಸಮಾಧಾನವಿಲ್ಲ.

ಒಂದೇ ರಾತ್ರಿಯಲ್ಲಿ ಬದಲಾಯಿಸಿಬಿಡೋಣ ಎಂದವರಿದ್ದರು. ನಮಗೆ ಅದು ಆಗುವ ಮಾತಲ್ಲ. ಮಾರ್ಚ್ 31 ಹತ್ತಿರ ಬಂತೆಂದರೆ ಬ್ಯಾಂಕಿನವರ ಫೋನ್ ನಿಲ್ಲುವುದಿಲ್ಲ. ನಮ್ಮ ತಿದ್ದುಪಡಿ ಒಂದು ಗಂಟೆ ತಡವಾದರೂ ಯಾವುದೋ ಶಾಖೆಯಲ್ಲಿ ಲೆಕ್ಕ ಮುಗಿಯದೆ ಜನ ರಾತ್ರಿಯವರೆಗೆ ಕೂತಿರುತ್ತಾರೆ. ಹಾಗಾಗಿ ಎರಡನ್ನೂ ಜೊತೆಜೊತೆಗೇ ನಡೆಸಿದೆವು. ಮೊದಲು ಹತ್ತು ನಿಮಿಷಕ್ಕೊಮ್ಮೆ ಎಸ್‌ವಿಎನ್‌ನಿಂದ ಗಿಟ್‌ಗೆ ನಕಲು. ಆಮೇಲೆ ಇಷ್ಟವಿದ್ದವರು ಗಿಟ್‌ನಲ್ಲಿ ಕೆಲಸ ಮಾಡಿ ಡಿಕಮಿಟ್ ಎಂಬ ಆದೇಶದ ಮೂಲಕ ಎಸ್‌ವಿಎನ್‌ಗೆ ಕಳಿಸಿದರು. ಆಮೇಲೆ ಬಿಲ್ಡ್ (ಕೋಡ್‌ನಿಂದ ತಂತ್ರಾಂಶ ಕಟ್ಟುವ ಕೆಲಸ) ಗಿಟ್‌ಗೆ ಬಂತು, ಕೊನೆಗೆ ಉಳಿದವರು. ಎರಡರ ನಡುವೆ ಸೇತುವೆಯಾಗಿ ಇದಕ್ಕೆಲ್ಲ ಆಧಾರವಾದ ಗಿಟ್-ಎಸ್‌ವಿಎನ್ ಎಂಬ ಉಪಕರಣವನ್ನು 2006ರಲ್ಲಿ ಬರೆದವರು ಎರಿಕ್ ವಾಂಗ್. ಅವರಿಗೆ ಮೊದಲ ನಮಸ್ಕಾರ.

ಎಸ್‌ವಿಎನ್ ಲಾಗ್‌ನಲ್ಲಿ, ಅಂದರೆ ಯಾವ ಬದಲಾವಣೆ ಯಾರದೆಂಬ ದಾಖಲೆಯಲ್ಲಿ, ಇರುವುದು ಬರೀ ಲಾಗಿನ್ ಹೆಸರು. ಗಿಟ್‌ಗೆ ಪೂರ್ತಿ ಹೆಸರು, ಇಮೇಲ್ ಬೇಕು. ಅದಕ್ಕೊಂದು ಪಟ್ಟಿ ಮಾಡಿಕೊಡಬೇಕು. ಪಟ್ಟಿಯಲ್ಲಿಲ್ಲದ ಲಾಗಿನ್ ಎದುರಾದರೆ ಕ್ಲೋನ್, ಅಂದರೆ ಇಡೀ ಇತಿಹಾಸವನ್ನು ಗಿಟ್‌ಗೆ ನಕಲಿಸುವ ಕೆಲಸ, ಅಲ್ಲೇ ನಿಂತುಬಿಡುತ್ತದೆ. ನಮ್ಮದು ಎರಡನೆಯ ದಿನವೇ ನಿಂತಿತು, 'ಕೆಎಸ್‌ಬಿ' ಎಂಬ ಮೂರು ಅಕ್ಷರದ ಮುಂದೆ. ಬಡ್ಡಿ ಲೆಕ್ಕದ ಕೋಡ್ ಹೆಚ್ಚುಕಡಿಮೆ ಎಲ್ಲವೂ ಅವರದೇ. ಯಾರೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. 'ಅನ್‌ನೋನ್' ಎಂದು ಹಾಕಿ ಮುಂದೆ ಹೋಗೋಣ ಎಂದು ನಾನೇ ಅಂದಿದ್ದೆ. ತಡೆದವರು ಅಕೌಂಟ್ಸ್ ವಿಭಾಗದ ಮೇಡಂ. ಹಳೆಯ ಸಂಬಳದ ರಿಜಿಸ್ಟರ್ ತೆಗೆದು, ಮಧ್ಯಾಹ್ನವಿಡೀ ಹುಡುಕಿ, ಹೆಸರು ಹೇಳಿದರು. ಆ ಸರ್ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರ ಮನೆಗೆ ಫೋನ್ ಮಾಡಿದವರೂ ಮೇಡಮ್ಮೇ. 'ಕೆ ಅಂದ್ರೆ ಊರು, ಎಸ್ ಅಂದ್ರೆ ಅವರ ತಂದೆ. ಎರಡನ್ನೂ ಬಿಡದೆ ಬರೀರಿ, ಅವರು ಹಾಗೇ ಸಹಿ ಹಾಕ್ತಿದ್ದರು' ಎಂದರಂತೆ ಅವರ ಹೆಂಡತಿ. ಹಾಗೇ ಬರೆದೆವು. ಮೇಡಂ, ಆ ಮಧ್ಯಾಹ್ನಕ್ಕೆ ನಾನು ನಿಮಗೆ ಋಣಿ.

ಟೆಸ್ಟಿಂಗ್‌ನ ಅಕ್ಕನಿಗೂ ಅಷ್ಟೇ ಋಣಿ. ಕಮಿಟ್ ಸಂದೇಶದ ಕೊನೆಗೆ ಬರುವ, ಎಸ್‌ವಿಎನ್‌ನ ವಿಳಾಸ ಮತ್ತು ರಿವಿಷನ್ ನಂಬರ್ (ಬದಲಾವಣೆಯ ಕ್ರಮಸಂಖ್ಯೆ) ಇರುವ ಗಿಟ್-ಎಸ್‌ವಿಎನ್-ಐಡಿ ಸಾಲು ನೋಡಲು ಚೆನ್ನಾಗಿಲ್ಲ, ತೆಗೆಯೋಣ ಎಂದು ಹೊರಟಿದ್ದೆವು. 'ಹಳೆ ಬಗ್‌ಗಳಲ್ಲೆಲ್ಲ ರಿವಿಷನ್ ನಂಬರೇ ಬರೆದಿದೆ. ಅದು ಹೋದ್ರೆ ನಾನು ಯಾವುದನ್ನ ಹಿಡಿದು ಹುಡುಕಲಿ?' ಎಂದು ಅವರು ಪಟ್ಟು ಹಿಡಿದರು. ಈಗ ವಾರಕ್ಕೆರಡು ಸಲವಾದರೂ ಆ ನಂಬರ್ ಹಿಡಿದೇ ಹುಡುಕುತ್ತೇವೆ.

ಒಂದು ತಪ್ಪು ನನ್ನಿಂದಾಯಿತು. ಹಳೆಯ ರಿಲೀಸ್ ಬ್ರಾಂಚನ್ನು (ಬಿಡುಗಡೆಗೆಂದು ಬೇರೆ ಮಾಡಿದ ಕೋಡ್‌ನ ಕವಲು) ಗಿಟ್‌ನ ಮುಖ್ಯ ಕವಲಾದ ಮಾಸ್ಟರ್‌ಗೆ ಮರ್ಜ್ ಮಾಡಿದಾಗ, ಅಂದರೆ ಕೂಡಿಸಿದಾಗ, ಅದು ಫಾಸ್ಟ್-ಫಾರ್ವರ್ಡ್ ಆಯಿತು: ಬೇರೆ ಮರ್ಜ್ ಕಮಿಟ್ ಇಲ್ಲದೆ ಮಾಸ್ಟರ್ ಆ ಬ್ರಾಂಚಿನ ತುದಿಗೇ ಸರಿಯಿತು. ಡಿಕಮಿಟ್ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಇತಿಹಾಸದಲ್ಲಿ ಕೊನೆಯದಾಗಿ ಸಿಗುವ ಆ ಐಡಿ ಸಾಲನ್ನು ನೋಡಿ. ಹೀಗಾಗಿ ಟ್ರಂಕ್‌ಗೆ (ಎಸ್‌ವಿಎನ್‌ನ ಮುಖ್ಯ ಕವಲಿಗೆ) ಹೋಗಬೇಕಾದ ಕೋಡ್ ರಿಲೀಸ್ ಬ್ರಾಂಚ್‌ಗೆ ಹೋಗಿ ಕೂತಿತು. ರಾತ್ರಿ ಹನ್ನೊಂದಕ್ಕೆ ಕಮಿಟ್ ಮೇಲ್‌ನಲ್ಲಿ ದಾರಿ ತಪ್ಪಿದ್ದನ್ನು ಗಮನಿಸಿದ್ದು ಸೇರಿ ಎಂಟು ತಿಂಗಳಾಗಿದ್ದ ಹುಡುಗ. ಬ್ಯಾಂಕಿಗೆ ತಲುಪುವ ಮೊದಲೇ ಹಿಂದಕ್ಕೆ ತೆಗೆದೆವು. ಮೊದಲು ಡ್ರೈ-ರನ್ (ನಿಜವಾಗಿ ಕಳಿಸದೆ ಪರೀಕ್ಷೆ), ವಿಳಾಸ ಓದಿ ಆಮೇಲೆ ಡಿಕಮಿಟ್, ಮರ್ಜ್‌ಗೆ ಯಾವಾಗಲೂ ನೋ-ಎಫ್‌ಎಫ್ (ಫಾಸ್ಟ್-ಫಾರ್ವರ್ಡ್ ಬೇಡ ಎಂಬ ಆಯ್ಕೆ): ಈ ನಿಯಮ ಅವನು ಮಾಡಿದ್ದು. ಆ ರಾತ್ರಿ ಒಂದು ಮಾತೂ ಆಡದೆ ಜೊತೆಗೆ ಕೂತೆಯಲ್ಲ, ಥ್ಯಾಂಕ್ಸ್ ಕಣೋ.

ಇನ್ನೂ ಎಷ್ಟು ದಿನ ಎಂದು ಮೇಲಿನವರು ಕೇಳಿದಾಗಲೆಲ್ಲ ನಾನು ಜಿಸಿಸಿ ಎಂಬ ಕಂಪೈಲರ್‌ನ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಉದಾಹರಣೆ ಕೊಡುತ್ತಿದ್ದೆ. ಅದು ಎಸ್‌ವಿಎನ್‌ನಿಂದ ಗಿಟ್‌ಗೆ ಬಂದದ್ದು 2020ರ ಜನವರಿಯಲ್ಲಿ, ವರ್ಷಗಳ ತಯಾರಿಯ ನಂತರ. ಕೇಳಿ ಸುಮ್ಮನಾಗಿ ನಮಗೆ ಕಾಲ ಕೊಟ್ಟಿರಿ. ಅದಕ್ಕೂ ವಂದನೆ.

ಸೋಮವಾರ ಬಡ್ಡಿ ಲೆಕ್ಕದ ಫೈಲ್ ತೆಗೆದು ಬ್ಲೇಮ್ ಮಾಡಿ, ಅಂದರೆ ಯಾವ ಸಾಲು ಯಾರದೆಂದು ಗಿಟ್‌ನಲ್ಲಿ ಕೇಳಿ, ನೋಡಿದೆ. ಸಾಲಿಗೆ ಸಾಲು ಆ ಸರ್ ಹೆಸರು, ಊರು ಮತ್ತು ತಂದೆಯ ಅಕ್ಷರದ ಸಮೇತ. ಮೇಡಂ ಅದರ ಫೋಟೊ ತೆಗೆದು ಅವರ ಮನೆಗೆ ಕಳಿಸಿದ್ದಾರೆ.

ಮೊದಲು ಇಲ್ಲಿ ಕೆಲಸ ಮಾಡಿ ಹೋದವರು ಇದನ್ನು ಓದುತ್ತಿದ್ದರೆ, ನಿಮ್ಮ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೂ ತಿಳಿಸಿ. ಗಿಟ್ ತೋರಿಸುವ ಹೆಸರುಗಳನ್ನು ತಿದ್ದುವ ಮೇಲ್‌ಮ್ಯಾಪ್ ಫೈಲ್‌ನಲ್ಲಿ ಒಂದು ಸಾಲು ಸೇರಿಸಿದರೆ ಸಾಕು, ಅವತ್ತೇ ಸರಿಮಾಡುತ್ತೇನೆ.