ಗದಗಿನ ಪ್ರೆಸ್ಸಿನಲ್ಲಿರುವ ಗೆಳೆಯನಿಗೊಂದು ಪತ್ರ

ದೋಸ್ತ,

ನಿನ್ನ ಪತ್ರ ಬಂದು ಹದಿನೈದು ದಿನ ಆಯಿತು. ಉತ್ತರ ತಡ ಆದದ್ದಕ್ಕೆ ಬೈಬ್ಯಾಡ. ದಸರೆಯಿಂದ ದೀಪಾವಳಿ ಮುಗಿಯುವತನಕ ನಮ್ಮ ಜಾಹೀರಾತು ಬರೆಯುವ ಧಂದೆಯಲ್ಲಿ ಊಟಕ್ಕೂ ಪುರಸೊತ್ತು ಇರುವುದಿಲ್ಲ. ನಿನ್ನ ಒಪ್ಪಿಗೆ ಕೇಳಿಯೇ ಇದನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಇದೇ ಪ್ರಶ್ನೆ ಇನ್ನೂ ನಾಲ್ಕು ಹುಡುಗರು ಕೇಳಿದ್ದಾರೆ, ಎಲ್ಲರಿಗೂ ಬೇರೆ ಬೇರೆ ಬರೆಯಲಿಕ್ಕೆ ನನಗೆ ಸೋಮಾರಿತನ.

‘ಹತ್ತು ವರ್ಷ ಪ್ರೂಫ್ ನೋಡಿ ಕಣ್ಣು ಹೋದವು, ನಾನೂ ನಿನ್ನಂಗ ಕಾಪಿರೈಟರ್ ಆಗಬೇಕು, ಇದರಾಗ ಹೊಟ್ಟಿ ತುಂಬತದೋ ಇಲ್ಲೋ ಖರೇ ಹೇಳು’ ಅಂತ ಬರೆದಿದ್ದೀ. ತುಂಬುತ್ತದೆ. ಆದರೆ ನಿನ್ನ ಪತ್ರದಲ್ಲಿ ಒಂದು ತಪ್ಪಿದೆ. ಪ್ರೂಫ್ ನೋಡುವವನಿಗೆ ಅದು ಕಾಣಲಿಲ್ಲ ಅನ್ನುವುದೇ ನನಗೆ ಆಶ್ಚರ್ಯ. ನೀನು ಆಗಬೇಕಾದ್ದು ಏನೂ ಇಲ್ಲ, ಆಗಿ ಹತ್ತು ವರ್ಷ ಆಗಿದೆ. ಗದಗ-ಬೆಟಗೇರಿಯಲ್ಲಿ ಪ್ರೆಸ್ಸುಗಳಿಗೇನು ಕಡಿಮೆ? ಅಷ್ಟರ ನಡುವೆಯೂ ಮಂದಿ ನಿಮ್ಮಲ್ಲಿಗೇ ಬರುತ್ತಾರೆ. ಯಾರೋ ಒಬ್ಬ ಹೊಸ ಅಂಗಡಿ ಹಾಕುವವ ಬಂದು ಹೆಸರು, ಫೋನ್ ನಂಬರು, ಮುಹೂರ್ತದ ತಾರೀಖು ಬರೆದ ಚೀಟಿ ಕೊಟ್ಟು, ‘ಉಳದದ್ದು ನೀವ ಏನರೆ ಚೆಂದಂಗ ಬರದ್ ಬಿಡ್ರಿ’ ಅಂತಾನೆ. ನೀನು ಬರೆಯುತ್ತೀ. ಬಿಲ್ಲಿನಲ್ಲಿ ಕಾಗದಕ್ಕೆ ರೊಕ್ಕ, ಪ್ಲೇಟಿಗೆ ರೊಕ್ಕ, ಛಪಾಯಿಗೆ, ಕಟಿಂಗಿಗೆ ಎಲ್ಲಕ್ಕೂ ರೊಕ್ಕ ಇರುತ್ತದೆ. ಬರೆದದ್ದಕ್ಕೆ ಒಂದು ಸಾಲೂ ಇರುವುದಿಲ್ಲ. ನಿಮ್ಮ ಮಾಲಕರನ್ನು ಬೈಯುವುದಿಲ್ಲ, ಅವರಿಗೂ ಅದು ಹೊಳೆದಿಲ್ಲ.

ನಾನೂ ಮೊದಲ ನಾಲ್ಕು ವರ್ಷ ಹಾಗೇ ಇದ್ದೆ, ಬೇರೆ ರೀತಿಯಲ್ಲಿ. ವಿಸಿಟಿಂಗ್ ಕಾರ್ಡಿನ ಮೇಲೆ ಕಾಪಿರೈಟರ್ ಅಂತ ಇತ್ತು, ಮಾಡುತ್ತಿದ್ದದ್ದು ಅನುವಾದ. (ಹೆಣ್ಣು ನೋಡಲಿಕ್ಕೆ ಹೋದಾಗ ಅವರ ಸೋದರಮಾವ ಆ ಕಾರ್ಡು ನೋಡಿ, ‘ಕಾಪಿ ಅಂದ್ರ ಪರೀಕ್ಷಾದಾಗಿಂದೇನ್ರಿ?’ ಅಂತ ಕೇಳಿದ್ದು ನಿನಗೆ ಗೊತ್ತೇ ಇದೆ.) ಮುಂಬೈಯಲ್ಲೋ ಬೆಂಗಳೂರಲ್ಲೋ ಯಾರೋ ಹಿಂದಿ-ಇಂಗ್ಲಿಷಿನಲ್ಲಿ ಜಾಹೀರಾತು ಯೋಚಿಸಿ, ಶೂಟಿಂಗ್ ಮಾಡಿ, ಹೋರ್ಡಿಂಗ್ ಬುಕ್ ಮಾಡಿ, ಎಲ್ಲ ಮುಗಿದ ಮೇಲೆ ಸಂಜೆ ಆರಕ್ಕೆ ಮೇಲ್ ಬರುತ್ತಿತ್ತು: ನಾಳೆ ಹತ್ತರೊಳಗೆ ಕನ್ನಡ ಬೇಕು. ಪದಕ್ಕೆ ಇಷ್ಟು ಪೈಸೆ ಅಂತ ಲೆಕ್ಕ. ಮದುವೆ ಊಟ ಮುಗಿದ ಮೇಲೆ ಎಲೆ ಎತ್ತಲಿಕ್ಕೆ ಕರೆದ ಹಾಗೆ. ಕೊನೆಗೆ ಕರೆಸಿಕೊಂಡವನಿಗೆ ರೇಟು ಕೇಳುವ ಬಾಯಿ ಎಲ್ಲಿಂದ ಬರಬೇಕು? ಅವನಿಲ್ಲದಿದ್ದರೆ ಇನ್ನೊಬ್ಬ.

ನನ್ನ ದೆಸೆ ತಿರುಗಿಸಿದ್ದು ಶೇಂಗಾ. ಒಂದು ಅಡುಗೆ ಎಣ್ಣೆಯ ಜಾಹೀರಾತು ಬಂತು. ಬೆಂಗಳೂರಿನ ಕಡೆಯವರು ಆಗಲೇ ಅನುವಾದ ಮಾಡಿಸಿದ್ದರು, ನನಗೆ ಕಾಗುಣಿತ ನೋಡುವ ಕೆಲಸ ಮಾತ್ರ. ‘ಶುದ್ಧ ಕಡಲೆಕಾಯಿ ಎಣ್ಣೆ’ ಅಂತ ಇತ್ತು. ಕಾಗುಣಿತದಲ್ಲಿ ಏನೂ ತಪ್ಪಿಲ್ಲ. ಆದರೆ ಹೋರ್ಡಿಂಗ್ ಏಳುವುದು ಹುಬ್ಬಳ್ಳಿ, ಗದಗ, ಹಾವೇರಿಯಲ್ಲಿ. ನಮ್ಮಲ್ಲಿ ಕಡ್ಲಿ ಅಂದರೆ ಹಿಂಗಾರಿಗೆ ಎರಿ ಹೊಲದಲ್ಲಿ ಬಿತ್ತುವ ಕಡ್ಲಿ. ಅದರ ಎಣ್ಣೆ ಯಾರು ತಿಂತಾರ? ನಮ್ಮವ್ವನಿಗೆ ಓದಿಸಿದೆ. ‘ಕಡ್ಲಿಗೆ ಎಣ್ಣಿ ಎಲ್ಲಿಂದ ಬರ್ತದೋ?’ ಅಂದಳು. ಅದೇ ಮಾತನ್ನು ಹಾಗೇ ಮೇಲ್‌ನಲ್ಲಿ ಬರೆದು ಕಳಿಸಿದೆ: ಈ ಮೂರು ಜಿಲ್ಲೆಗೆ ‘ಶೇಂಗಾ ಎಣ್ಣಿ’ ಅಂತ ಹಾಕಿ, ಅದೂ ಎಣ್ಣೆ ಅಂತ ತಿದ್ದದೆ. ಎರಡು ದಿನ ಸುದ್ದಿ ಇಲ್ಲ. ಆಮೇಲೆ ಫೋನ್ ಬಂತು. ಮುಂದಿನ ಕೆಲಸಕ್ಕೆ ಶುರುವಿನಲ್ಲೇ ಕರೆದರು. ಪದದ ಲೆಕ್ಕ ಅಲ್ಲಿಗೆ ಬಿತ್ತು.

ಆವತ್ತಿನಿಂದ ನಾನು ಹಿಡಿದ ಹಾದಿ ಒಂದೇ, ಎಲ್ಲಕ್ಕಿಂತ ಮುಂಚೆ ಒಳಗೆ ಹೋಗಿ ಕೂಡುವುದು. ಒಳಗೆ ಅಂದರೆ ಏಜೆನ್ಸಿಯ ಏಸಿ ರೂಮಿನಲ್ಲಿ ಅಂತ ತಿಳಿಯಬೇಡ. ಅಂಗಡಿಯ ಗಲ್ಲೆಯ ಬಾಜೂಕ, ಒಂದು ಸ್ಟೂಲಿನ ಮೇಲೆ.

ಬ್ಯಾಡಗಿಯ ಸಂಗತಿ ನಿನಗೆ ಹೇಳಿಲ್ಲ ಅನಿಸುತ್ತದೆ. ಅಲ್ಲೊಬ್ಬ ಅಕ್ಕಾರು ಮನೆಯ ಹಿತ್ತಲಲ್ಲೇ ಗಿರಣಿ ಹಾಕಿಕೊಂಡು ಖಾರಪುಡಿ ಮಾಡುತ್ತಾರೆ. ಪಾಕೀಟಿನ ಮೇಲೆ ಒಂದು ಸಾಲು ಬೇಕಿತ್ತು. ನಾನು ಹುಬ್ಬಳ್ಳಿಯಲ್ಲೇ ಕೂತು ‘ಒಂದು ಚಿಟಿಕೆ ಬೆಂಕಿ’ ಅಂತ ಬರೆದುಕೊಂಡು, ಅದಕ್ಕೆ ನಾನೇ ಬೆನ್ನು ತಟ್ಟಿಕೊಂಡು ಹೋಗಿದ್ದೆ. ಅಕ್ಕಾರು ಓದಿ, ‘ಬೆಂಕಿ ಬೇಕಂದ್ರ ಗುಂಟೂರಿಗೆ ಹೋಗ್ರಿ ತಮ್ಮಾ’ ಅಂದು ನಕ್ಕರು. ಬ್ಯಾಡಗಿ ಮೆಣಸಿನಕಾಯಿಯ ಹೆಚ್ಚುಗಾರಿಕೆ ಖಾರದಲ್ಲಿಲ್ಲ, ಬಣ್ಣದಲ್ಲಿದೆ. 2011ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಸರಕಾರದ ಮುದ್ರೆ, ಸಿಕ್ಕ ಕಾಯಿ ಅದು. ಇಷ್ಟು ನನಗೂ ಗೊತ್ತಿತ್ತು, ಬರೆಯುವಾಗ ನೆನಪಿಗೆ ಬರಲಿಲ್ಲ. ಯಾಕಂದರೆ ಟಿವಿಯಲ್ಲಿ ನೋಡಿದ ಖಾರಪುಡಿ ಜಾಹೀರಾತೆಲ್ಲ ಬೆಂಕಿಯವೇ.

ಆವತ್ತು ಮಧ್ಯಾಹ್ನದತನಕ ಅಲ್ಲೇ ಕೂತೆ. ಅಂಗಳದ ತುಂಬ ಕಾಯಿ ಹರವಿದ್ದರು, ಒಂದು ಕಡೆ ಉದ್ದಗೆ ಸುಕ್ಕುಗಟ್ಟಿದ ‘ಕಡ್ಡಿ’ ಜಾತಿಯದು, ಇನ್ನೊಂದು ಕಡೆ ಗಿಡ್ಡಗೆ ದಪ್ಪನ ‘ಡಬ್ಬಿ’ ಜಾತಿಯದು. ನಾನು ಸೀನಿ ಸೀನಿ ಕರವಸ್ತ್ರ ತೊಯ್ಯಿಸಿಕೊಂಡೆ. ಅಷ್ಟರಲ್ಲಿ ಒಬ್ಬ ಅಜ್ಜಿ ಬಂದು ಎರಡು ಕಿಲೋ ತೂಗಿಸಿದಳು. ಇದೇ ಯಾಕಬೇ ಅಂತ ಕೇಳಿದೆ. ‘ಸಣ್ಣ ಹುಡುಗೂರ ತಾಟಿಗೂ ಕೆಂಪಾನ ಸಾರು ಬಡಸಬಹುದ್ ನೋಡಪಾ, ಬಾಯಿ ಸುಡೂದಿಲ್ಲ’ ಅಂದಳು. ನನ್ನ ಕೆಲಸ ಮುಗಿದಿತ್ತು. ‘ಮಕ್ಕಳ ತಾಟಿಗೂ ಕೆಂಪಾನ ಸಾರು.’ ಈಗಲೂ ಆ ಪಾಕೀಟಿನ ಮೇಲೆ ಅದೇ ಸಾಲು ಇದೆ. ಅಜ್ಜಿಗೆ ನಾನು ಕೊಟ್ಟದ್ದು ಒಂದು ಕಪ್ ಚಹಾ. ಈ ವಿಷಯದಲ್ಲಿ ನನ್ನ ಮನಸ್ಸು ಸ್ವಲ್ಪ ಚುಚ್ಚುತ್ತಲೇ ಇರುತ್ತದೆ.

ಗೆದ್ದದ್ದನ್ನಷ್ಟೇ ಹೇಳಿದರೆ ನೀನು ನಂಬುವುದಿಲ್ಲ. ದುರ್ಗದಬೈಲಿನ ಆಜುಬಾಜು ಒಂದು ಸೀರೆ ಅಂಗಡಿ, ಹೆಸರು ಬೇಡ. ‘ಎರಡು ಸೀರೆ ಕೊಂಡರೆ ಫಾಲು, ಪಿಕೊ ಉಚಿತ’ ಅಂತ ಬರೆದುಕೊಟ್ಟೆ. ಫ್ಲೆಕ್ಸ್ ಮಾಡುವ ಹುಡುಗ ‘ಎರಡು ಸೀರೆ’ ಅನ್ನುವುದನ್ನು ಮೇಲೆ ಎರಡಡಿ ಅಕ್ಷರದಲ್ಲಿ ಕೂಡಿಸಿ, ‘ಉಚಿತ’ ಅನ್ನುವುದನ್ನು ಕೆಳಗೆ ಕೆಂಪಗೆ ಅಷ್ಟೇ ದೊಡ್ಡದಾಗಿ ಕೂಡಿಸಿ, ನಡುವಿನದನ್ನೆಲ್ಲ ಇರುವೆ ಸಾಲು ಮಾಡಿಬಿಟ್ಟ. ಮರುದಿನ ಬೆಳಿಗ್ಗೆ ಹತ್ತಕ್ಕೆ ಮಾಲಕರ ಫೋನು. ‘ಸರ, ಏನ್ ಬರದೀರಿ? ಹೆಣ್ಮಕ್ಕಳು ಬಂದು ಎರಡೆರಡು ಸೀರಿ ಕೊಡ್ರಿ ಅಂತ ನಿಂತಾರ!’ ಹಿಂದೆ ಗದ್ದಲ ಕೇಳುತ್ತಿತ್ತು. ತಪ್ಪು ಡಿಸೈನ್ ಮಾಡಿದವನದು ಅಂತ ವಾದ ಮಾಡಬಹುದಿತ್ತು. ಮಾಡಲಿಲ್ಲ. ಅಚ್ಚಿಗೆ ಹೋಗುವ ಮುಂಚೆ ನಾನು ನೋಡಿರಲಿಲ್ಲ, ಅಷ್ಟೇ. ಆ ತಿಂಗಳ ರೊಕ್ಕ ಬಿಟ್ಟುಕೊಟ್ಟೆ. ಈಗ ಸಾಲು ಕೊಡುವಾಗ ಯಾವ ಪದ ಎಷ್ಟು ದೊಡ್ಡದು ಅಂತ ಪೆನ್ಸಿಲಿನಲ್ಲಿ ಚಿತ್ರ ತೆಗೆದು ಕೊಡುತ್ತೇನೆ. ಅಂದ ಹಾಗೆ, ತಪ್ಪುದಾರಿಗೆಳೆಯುವ ಜಾಹೀರಾತಿನ ಬಗ್ಗೆ ಕೇಂದ್ರ ಸರಕಾರ 2022ರಲ್ಲಿ ತಂದ ಮಾರ್ಗಸೂಚಿ ಪ್ರಕಾರ ಷರತ್ತಿನ ಸಾಲೂ ಜಾಹೀರಾತಿನ ಭಾಷೆಯಲ್ಲೇ ಇರಬೇಕು. ಕನ್ನಡದಲ್ಲಿ ಆಸೆ ತೋರಿಸಿ ಇಂಗ್ಲಿಷಿನಲ್ಲಿ ಷರತ್ತು ಹಾಕುವ ಹಾಗಿಲ್ಲ. ಎಷ್ಟು ಮಂದಿ ಪಾಲಿಸುತ್ತಾರೆ ಅಂತ ಕೇಳಬೇಡ, ಸ್ಟೇಶನ್ ರೋಡಿಗೆ ಬಂದು ನೀನೇ ಓದು.

ಈ ಒಂದು ಕಡೆ ನೀನು ನನಗಿಂತ ಮುಂದಿದ್ದೀ. ಮೊಬೈಲು, ಕಂಪ್ಯೂಟರಿನ ಯುನಿಕೋಡಿನಲ್ಲಿ ಬರೆದದ್ದು ಪ್ರೆಸ್ಸಿನ ನುಡಿ ಫಾಂಟಿಗೆ ಹೋಗುವಾಗ ಅರ್ಕಾವತ್ತು ಎಲ್ಲಿ ಹಾರುತ್ತದೆ, ಯಾವ ಒತ್ತು ಕಳಚಿಕೊಳ್ಳುತ್ತದೆ ಅನ್ನುವುದು ನಿನ್ನ ಬೆರಳಿಗೇ ಗೊತ್ತು. ಬೆಂಗಳೂರಿನ ದೊಡ್ಡ ದೊಡ್ಡ ಬರಹಗಾರರಿಗೆ ಇದು ಗೊತ್ತಿಲ್ಲ. ಇದಕ್ಕೂ ರೊಕ್ಕ ಹಚ್ಚು. ನೀನು ಕಲಿಯಬೇಕಾದ್ದು ಮೊಬೈಲಿನ ಲೆಕ್ಕ. ಇಂಗ್ಲಿಷ್ ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಸಿಗುತ್ತದೆ, ಕನ್ನಡಕ್ಕೆ 70 ಮಾತ್ರ. ಅದರಲ್ಲೂ ಗುಣಿತದ ಚಿಹ್ನೆ ಬೇರೆ, ಒತ್ತಿಗೆ ಹಾಕುವ ಕೊಂಡಿ ಬೇರೆ ಅಂತ ಎಣಿಸುತ್ತದೆ. ‘ಹುಬ್ಬಳ್ಳಿ’ ನಮ್ಮ ಕಣ್ಣಿಗೆ ಮೂರು ಅಕ್ಷರ, ಯಂತ್ರಕ್ಕೆ ಒಂಬತ್ತು. ‘ಧಾರವಾಡ’ ನಾಲ್ಕಿದ್ದದ್ದು ಆರೇ ಆಗುತ್ತದೆ. ಎಪ್ಪತ್ತು ದಾಟಿದರೆ ಎರಡು ಮೆಸೇಜಿನ ರೊಕ್ಕ. ಐವತ್ತು ಸಾವಿರ ಗಿರಾಕಿಗಳಿಗೆ ಕಳಿಸುವವನಿಗೆ ಒಂದು ಒತ್ತಕ್ಷರ ಎಷ್ಟು ತುಟ್ಟಿ ಅಂತ ಲೆಕ್ಕ ಹಾಕು. ಮೇಲಾಗಿ ವ್ಯಾಪಾರದ ಎಸ್ಸೆಮ್ಮೆಸ್ ಒಕ್ಕಣೆಯನ್ನು ಟೆಲಿಕಾಂ ಕಂಪನಿಯ ಡಿಎಲ್‌ಟಿ ಅನ್ನುವ ಆನ್‌ಲೈನ್ ದಾಖಲೆಯಲ್ಲಿ ಮೊದಲೇ ನೋಂದಾಯಿಸಬೇಕು, ಕೊನೆ ಗಳಿಗೆಯಲ್ಲಿ ಬದಲಿಸಲಿಕ್ಕೆ ಬರುವುದಿಲ್ಲ. ಬಟ್ಟೆ ಅಂಗಡಿಯವರೊಬ್ಬರ ‘ಹಾರ್ದಿಕ ಶುಭಾಶಯಗಳು’ ತೆಗೆಸಿ ‘ಬರ್ರಿ, ಹೊಸಾ ಮಾಲು ಬಂದೈತಿ’ ಅಂತ ಹಾಕಿಸಿ ಒಂದೇ ಮೆಸೇಜಿನಲ್ಲಿ ಮುಗಿಸಿದೆ. ಅವರು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಈಗ ರೊಕ್ಕದ ಮಾತು. ‘ಎರಡ ಲೈನಿಗೆ ಇಷ್ಟ ರೊಕ್ಕೇನ್ರೀ?’ ಅಂತ ಎಲ್ಲರೂ ಕೇಳುತ್ತಾರೆ. ಇಪ್ಪತ್ತು ಸಾಲು ಬೇಕಂದರೆ ಕಡಿಮೆಯಲ್ಲಿ ಕೊಡುತ್ತೇನೆ, ಎರಡೇ ಬೇಕಂದರೆ ಜಾಸ್ತಿ ಅಂತ ಹೇಳುತ್ತೇನೆ. ಅರ್ಧ ಜನ ನಗುತ್ತಾರೆ, ನಕ್ಕವರು ಕೊಡುತ್ತಾರೆ. ಅರ್ಧ ಅಡ್ವಾನ್ಸ್ ಇಲ್ಲದೆ ಪೆನ್ನು ತೆಗೆಯಬೇಡ. ಎರಡು ಸಲ ತಿದ್ದುವುದು ಪುಕ್ಕಟೆ, ಮೂರನೆಯದಕ್ಕೆ ಬೇರೆ ಬಿಲ್ಲು ಅಂತ ಮೊದಲೇ ವಾಟ್ಸಾಪಿನಲ್ಲಿ ಬರೆದು ಹಾಕು. ಕಂಪನಿಗಳು ವೃತ್ತಿ ಶುಲ್ಕದ ಲೆಕ್ಕದಲ್ಲಿ ಶೇ. 10 ಟಿಡಿಎಸ್, ಅಂದರೆ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿಯುತ್ತವೆ, ಹೆದರಬೇಡ, ರಿಟರ್ನ್ ತುಂಬಿದರೆ ಅದು ನಿನ್ನ ತೆರಿಗೆಗೆ ಜಮಾ ಆಗುತ್ತದೆ. ವರ್ಷಕ್ಕೆ 20 ಲಕ್ಷ ದಾಟುವತನಕ ಜಿಎಸ್‌ಟಿ ಚಿಂತೆ ಇಲ್ಲ (ದಾಟಿದ ದಿನ ನನ್ನನ್ನು ಊಟಕ್ಕೆ ಕರಿ). ಸಣ್ಣ ಉದ್ದಿಮೆ ಅಂತ ಸರಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಮಾತ್ರ ಮೊದಲ ದಿನವೇ ಮಾಡಿಸು. ಪುಕ್ಕಟೆ ಆಗುತ್ತದೆ. ಸಣ್ಣ ಉದ್ದಿಮೆಗಳ 2006ರ ಕಾಯ್ದೆ ಪ್ರಕಾರ ನಿನ್ನ ಬಿಲ್ಲನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು, ಕರಾರೇ ಇಲ್ಲದಿದ್ದರೆ 15 ದಿನ. ಒಂದು ಕಂಪನಿ ನನ್ನ ಬಿಲ್ಲನ್ನು ಎಂಟು ತಿಂಗಳು ಉದ್ರಿ ಇಟ್ಟಿತ್ತು. ಫೋನ್ ಮಾಡಿದಾಗೆಲ್ಲ ‘ಅಕೌಂಟ್ಸ್‌ನವರು ರಜೆ’. ಬಿಲ್ಲಿನ ಕೆಳಗೆ ಉದ್ಯಮ್ ನಂಬರು, ಆ ಕಾಯ್ದೆಯ ಹೆಸರು ಹಾಕಿ ಮತ್ತೊಮ್ಮೆ ಕಳಿಸಿದ ಮೇಲೆ ಅಕೌಂಟ್ಸ್‌ನವರು ರಜೆ ಮುಗಿಸಿ ಬಂದರು.

ಇನ್ನೊಂದು ಮಾತು. ಪ್ರೆಸ್ಸಿನ ನೌಕರನಾಗಿ ನೀನು ಬರೆದದ್ದರ ಹಕ್ಕು ಸಾಮಾನ್ಯವಾಗಿ ಮಾಲಕರದೇ. ಹೊರಗಿನವನಾಗಿ ಬರೆದರೆ ನೀನಾಗಿ ಬರೆದುಕೊಡುವತನಕ ಅದು ನಿನ್ನದು, 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆ ಹೇಳುತ್ತದೆ. ಕಂಪನಿಯವರು ಕರಾರುಪತ್ರದಲ್ಲಿ ಹಕ್ಕನ್ನೂ ಸೇರಿಸಿಯೇ ಕಳಿಸುತ್ತಾರೆ, ಕೊಡು, ಆದರೆ ರೇಟಿನಲ್ಲಿ ಸೇರಿಸಿ ಕೊಡು.

ಬಂದ ಕೆಲಸವನ್ನೆಲ್ಲ ಹಿಡಿಯಬೇಡ. ಹೋದ ವರ್ಷ ಒಬ್ಬರು ಯಾವುದೋ ಬೇರಿನ ಪುಡಿ ಹಿಡಿದುಕೊಂಡು ಬಂದು ‘ಸಕ್ಕರೆ ಕಾಯಿಲೆ ಬುಡಸಮೇತ ಮಾಯ’ ಅಂತ ಬರೀರಿ ಅಂದರು. ಟೇಬಲಿನ ಮೇಲೆ ಅಡ್ವಾನ್ಸ್ ಪೂರ್ತಿ ಇಟ್ಟರು, ನೋಟು ನೋಡಿ ಬಾಯಲ್ಲಿ ನೀರೂ ಬಂತು. ಸಕ್ಕರೆ ಕಾಯಿಲೆ ಗುಣ ಮಾಡುತ್ತೇವೆ ಅಂತ ಔಷಧದ ಜಾಹೀರಾತು ಹಾಕುವುದನ್ನು 1954ರ ಕಾಯ್ದೆಯೇ ಅಪರಾಧ ಅನ್ನುತ್ತದೆ, ಅದು ಒಂದು. ನಮ್ಮಪ್ಪ ಇಂಥದೇ ಪುಡಿ ನಂಬಿ ಮೂರು ತಿಂಗಳು ಗುಳಿಗೆ ಬಿಟ್ಟದ್ದು ಇನ್ನೊಂದು. ಅವರನ್ನು ಚಹಾ ಕುಡಿಸಿ ಕಳಿಸಿದೆ.

ಯಂತ್ರ ಬಂದು ನಮ್ಮ ಅನ್ನ ಕಸಿಯುತ್ತದೆಯೇ ಅಂತಲೂ ಕೇಳಿದ್ದೀ. ಅನುವಾದದ ಕೆಲಸ ನನಗೆ ಬರುವುದು ಹೆಚ್ಚುಕಡಿಮೆ ನಿಂತಿದೆ. ಬಂದರೂ, ಎಐ ಮಾಡಿದ್ದನ್ನು ತಿದ್ದಿಕೊಡಿ ಅಂತ ಬರುತ್ತದೆ, ಅರ್ಧ ರೇಟಿಗೆ. ಆ ನಾಲ್ಕು ವರ್ಷದ ನನ್ನಂಥವರಿಗೆ ಇದು ಕಷ್ಟದ ಕಾಲ, ಸುಳ್ಳು ಹೇಳುವುದಿಲ್ಲ. ನಾನೂ ಅದನ್ನು ಬಳಸುತ್ತೇನೆ. ನನಗೆ ಮೊದಲು ಹೊಳೆಯುವ ಇಪ್ಪತ್ತು ಸವಕಲು ಸಾಲುಗಳನ್ನು ಅದು ಅರೆ ನಿಮಿಷದಲ್ಲಿ ಬರೆದು ಎದುರಿಗೆ ಇಡುತ್ತದೆ, ಅವನ್ನೆಲ್ಲ ಬದಿಗಿಟ್ಟು ಶುರು ಮಾಡಬಹುದು. ‘ಒಂದು ಚಿಟಿಕೆ ಬೆಂಕಿ’ಯನ್ನು ಅದು ನನಗಿಂತ ಚೆನ್ನಾಗಿ ಬರೆಯುತ್ತದೆ.

ನೌಕರಿ ಈಗಲೇ ಬಿಡಬೇಡ. ನನ್ನ ಮನೆ ನಡೆಯುತ್ತಿರುವುದು ತಿಂಗಳ ಲೆಕ್ಕದ ಆರು ಗಿರಾಕಿಗಳಿಂದ, ಆರನೆಯವರು ಸಿಗುವ ಹೊತ್ತಿಗೆ ಏಳು ವರ್ಷ ಆಗಿತ್ತು. ನಿನಗೆ ಅಷ್ಟು ಬೇಕಾಗುವುದಿಲ್ಲ, ಆದರೂ ಇಬ್ಬರು ಸಿಗುವತನಕ ಪ್ರೆಸ್ಸಿನಲ್ಲೇ ಇರು. ಮಾಲಕರ ಹತ್ತಿರ ಜಗಳ ತೆಗೆಯದೆ ಒಂದೇ ಒಂದು ಕೇಳು: ಬಿಲ್ಲಿನಲ್ಲಿ ‘ಬರವಣಿಗೆ’ ಅಂತ ಒಂದು ಸಾಲು ಹಾಕಿಸು. ನೂರೇ ರೂಪಾಯಿ ಇರಲಿ. ಗಿರಾಕಿ ಆ ಸಾಲಿನ ಮೇಲೆ ಬೆರಳಿಟ್ಟು ಇದೇನು ಅಂತ ಕೇಳುತ್ತಾನಲ್ಲ, ಆಗ ನೀನು ಏನು ಹೇಳುತ್ತೀ ಅನ್ನುವುದು ನನಗೆ ಗೊತ್ತಾಗಬೇಕು.

ಬರುವ ರವಿವಾರ ಹುಬ್ಬಳ್ಳಿಗೆ ಬಾ. ಬರುವಾಗ ಪ್ರೆಸ್ಸಿನ ಅಟ್ಟದಲ್ಲಿರುವ ಹಳೇ ಹ್ಯಾಂಡ್‌ಬಿಲ್ಲು ಒಂದಿಪ್ಪತ್ತು ತಗೊಂಡು ಬಾ. ನೀನು ಬರೆದದ್ದು, ಅಂಗಡಿಯವರು ಕಾಟು ಹಾಕಿ ತಿದ್ದಿಸಿದ್ದು, ಎರಡೂ ಬೇಕು. ಉಣಕಲ್ ಕೆರೆ ದಂಡೆಯ ಮೇಲೆ ಗಿರ್ಮಿಟ್ ತಿನ್ನುತ್ತ ನೋಡೋಣ. ಮಿರ್ಚಿ ನಿನ್ನ ಲೆಕ್ಕ.

ನಿನ್ನ,
ಹಾಸ್ಟೆಲಿನ ಹನ್ನೊಂದನೇ ರೂಮಿನವ