ದಸರಾಕ್ಕೆ ಬ್ಯಾರಿಕೇಡ್ ಸಾಲದು, ನಮ್ಮ ಓಣಿ ನೋಡಿ ಕಲಿಯಿರಿ

ಸಂಪಾದಕರಿಗೆ,

ಮಡಿಕೇರಿ ದಸರಾ ಬಂತು ಅಂದರೆ ರಸ್ತೆ ತುಂಬಾ ಕಬ್ಬಿಣದ ಬ್ಯಾರಿಕೇಡ್ ಬರುತ್ತವೆ. ಭದ್ರತೆ ಆಯ್ತು ಅಂತ ನಾವೂ ಸುಮ್ಮನಾಗುತ್ತೇವೆ. ನಾನು ಬೆಂಗಳೂರಲ್ಲಿ ಕಟ್ಟಡ ಕೆಲಸದ ಸೂಪರ್‌ವೈಸರ್ ಆಗಿದ್ದು ಈಗ ಊರಿಗೆ ವಾಪಸು ಬಂದವನು. ಆ ಬ್ಯಾರಿಕೇಡನ್ನು ಇಬ್ಬರು ಹುಡುಗರು ಎತ್ತಿ ಪಕ್ಕಕ್ಕಿಡುತ್ತಾರೆ. ಲಾರಿಗೆ ಅದು ಲೆಕ್ಕಕ್ಕೇ ಇಲ್ಲ.

ಲಾರಿ ಅಂತ ಸುಮ್ನೆ ಹೇಳಿದ್ದಲ್ಲ. 2016ರ ಜುಲೈ 14ರ ರಾತ್ರಿ ಫ್ರಾನ್ಸಿನ ನೀಸ್ ಊರಲ್ಲಿ ಸಿಡಿಮದ್ದು ನೋಡಲು ಸೇರಿದ್ದ ಜನರ ಮೇಲೆ ಒಬ್ಬ ಲಾರಿ ಹರಿಸಿದ, 86 ಜನ ಸತ್ತರು. 2025ರ ಹೊಸ ವರ್ಷದ ದಿನ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಇನ್ನೊಬ್ಬ ಪಿಕಪ್ ಗಾಡಿ ನುಗ್ಗಿಸಿ ಹೀಗೇ 14 ಜನರನ್ನು ಕೊಂದ. ಆ ಬೀದಿಗೆ ಕಬ್ಬಿಣದ ತಡೆಗಂಬಗಳು ಇದ್ದವು, ಆದರೆ ಹಬ್ಬದಲ್ಲಿ ಜನ ಎಸೆಯುವ ಮಣಿಸರ ಸಿಕ್ಕಿಕೊಂಡು ಅವು ಕೆಟ್ಟು, ಬದಲಿಸುವ ಕೆಲಸ ನಡೆಯುತ್ತಿತ್ತು. ಅಡ್ಡ ನಿಲ್ಲಿಸಿದ್ದ ಪೊಲೀಸ್ ಕಾರನ್ನು ತಪ್ಪಿಸಿ ಅವನು ಫುಟ್‌ಪಾತ್ ಮೇಲಿಂದ ನುಗ್ಗಿದ. ಅಲ್ಲಿ ಮಣಿಸರ, ನಮ್ಮಲ್ಲಾದರೆ ಗುಟ್ಕಾ ಪೊಟ್ಟಣ ಸಾಕು!

ದೂರದ ಮಾತು ಬಿಡಿ ಅನ್ನುವವರಿಗೆ, 2022ರ ನವೆಂಬರ್ 19ರಂದು ಆಟೋದಲ್ಲಿ ಕುಕ್ಕರ್ ಬಾಂಬ್ ಸಿಡಿದದ್ದು ನಮ್ಮ ಪಕ್ಕದ ಮಂಗಳೂರಲ್ಲೇ.

ಹಾಗಾದರೆ ಏನು ಮಾಡಬೇಕು? ನಮ್ಮ ಕೊಡಗಿನ ಐನ್‌ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ, ಹೋಗುವ ಓಣಿ ನೆನಪು ಮಾಡಿಕೊಳ್ಳಿ. ಎರಡೂ ಕಡೆ ಎತ್ತರದ ಮಣ್ಣಿನ ಬರೆ, ಕಿರಿದಾದ ದಾರಿ, ಅಂಕುಡೊಂಕು. ಮನೆ ಹತ್ತಿರ ಬರುವವರೆಗೂ ಮನೆ ಕಾಣುವುದಿಲ್ಲ. ದಾಳಿಗೆ ಬಂದವನಿಗೆ ನುಗ್ಗುವ ವೇಗ ಸಿಗಬಾರದು, ಅದೇ ಲೆಕ್ಕ. ತೋಟಗಳ ಮಧ್ಯೆ ಈಗಲೂ ಕಾಣುವ ಹಳೇ ಕಡಂಗಗಳೂ (ಹಿಂದಿನವರು ರಕ್ಷಣೆಗೆ ತೋಡಿದ ಅಗಳು) ಹಾಗೇ, ಮಣ್ಣು ಮತ್ತು ಕಂದಕ, ಅಷ್ಟೇ. ಈಗಿನ ಎಂಜಿನಿಯರುಗಳು ಹೇಳುವುದೂ ಇದನ್ನೇ. ಗಾಡಿಯ ವೇಗ ಅರ್ಧಕ್ಕೆ ಇಳಿದರೆ ಅದರ ಹೊಡೆತ ಕಾಲು ಭಾಗಕ್ಕೆ ಇಳಿಯುತ್ತದೆ. ಮೊದಲು ಒಂದು ತಿರುವು, ಆಮೇಲೆ ತಡೆ.

ತಡೆ ಅಂದರೆ ಜೈಲಿನ ಹಾಗೆ ಕಾಣಬೇಕಿಲ್ಲ. ಲಂಡನ್ನಿನಲ್ಲಿ ಆರ್ಸೆನಲ್ ತಂಡದ ಫುಟ್‌ಬಾಲ್ ಮೈದಾನದ ಮುಂದೆ ತಂಡದ ಹೆಸರನ್ನೇ ದೊಡ್ಡ ಕಾಂಕ್ರೀಟ್ ಅಕ್ಷರಗಳಲ್ಲಿ ನಿಲ್ಲಿಸಿದ್ದಾರೆ. ಜನ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಗಾಡಿ ಮಾತ್ರ ದಾಟುವುದಿಲ್ಲ. ನಮ್ಮ ಗಾಂಧಿ ಮೈದಾನದ ಬಾಗಿಲಿಗೆ, ರಾಜಾಸೀಟ್ ಮುಂದೆ ಕಲ್ಲಿನ ಬೆಂಚು, ಹೂವಿನ ತೊಟ್ಟಿ ಹಾಕಬಹುದಲ್ವಾ? ಆದರೆ ಸುಮ್ನೆ ತಂದು ಕೂರಿಸಿದರೆ ಲಾರಿ ತಳ್ಳಿಕೊಂಡೇ ಹೋಗುತ್ತದೆ, ಕೆಳಗೆ ಕಂಬಿ ಕಟ್ಟಿ ಪಾಯ ಹಾಕಬೇಕು. ನಡುವೆ ನಾಲ್ಕಡಿ ಸಂದು ಬಿಟ್ಟರೆ ಗಾಲಿಕುರ್ಚಿ ಆರಾಮಾಗಿ ಹೋಗುತ್ತದೆ, ಕಾರು ಹೋಗುವುದಿಲ್ಲ. ದಸರಾ ಮೆರವಣಿಗೆಯ ದಶಮಂಟಪಗಳನ್ನು (ಹತ್ತು ದೇವಸ್ಥಾನಗಳ ಮಂಟಪ) ಹೊತ್ತ ಟ್ರ್ಯಾಕ್ಟರ್ ಸಾಗುವ ದಾರಿಯಲ್ಲಿ ಮಾತ್ರ ಕಿತ್ತಿಡುವ ಕಂಬ ಬೇಕು. ಅದರ ಬೀಗದ ಕೈ ಯಾರ ಹತ್ತಿರ ಇದೆ ಅಂತ ರಾತ್ರಿ ಎರಡು ಗಂಟೆಗೂ ಗೊತ್ತಿರಬೇಕು.

ಇನ್ನು ಗಾಜು. ಈಗ ಹೊಸ ಹೋಟೆಲ್, ಅಂಗಡಿ ಎಲ್ಲಕ್ಕೂ ಮುಂದೆ ಗಾಜೇ ಗಾಜು. 1995ರಲ್ಲಿ ಅಮೆರಿಕದ ಒಕ್ಲಹಾಮ ನಗರದ ಸ್ಫೋಟದಲ್ಲಿ 168 ಜನ ಸತ್ತರು, ಗಾಜಿನ ಚೂರು ಹೊಕ್ಕು ಗಾಯಗೊಂಡವರು ಬೇರೆ ಎಷ್ಟೋ ಜನ. ಕಾರಿನ ಮುಂದಿನ ಗಾಜಿನ ಹಾಗೆ ನಡುವೆ ಪ್ಲಾಸ್ಟಿಕ್ ಪದರ ಇರುವ ಲ್ಯಾಮಿನೇಟೆಡ್ ಗಾಜು ಒಡೆದರೂ ಚೂರುಗಳು ಅದಕ್ಕೇ ಅಂಟಿಕೊಂಡಿರುತ್ತವೆ. ಸ್ವಲ್ಪ ಜಾಸ್ತಿ ದುಡ್ಡು, ಅಷ್ಟೇ.

ನನಗೆ ನಿಜವಾಗಿ ಭಯ ಇರುವುದು ಮಾತ್ರ ಬೀಗದ ಬಗ್ಗೆ. ಕಳೆದ ವರ್ಷ ಇಲ್ಲೇ ಒಂದು ಕಲ್ಯಾಣ ಮಂಟಪಕ್ಕೆ ಮದುವೆಗೆ ಹೋಗಿದ್ದೆ. ಹಿಂದಿನ ಬಾಗಿಲಿಗೆ ಬೀಗ, ಅದರ ಮುಂದೆ ಕುರ್ಚಿ ರಾಶಿ. ಕೇಳಿದರೆ "ಸೆಕ್ಯೂರಿಟಿಗೆ ಸಾರ್" ಅಂದರು! 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತರಲ್ಲ, ಅಲ್ಲಿ ಯಾವ ಬಾಂಬ್ ಇತ್ತು? ಗಾಡಿ ಒಳಗೆ ಬರಬಾರದು ಸರಿ, ಜನ ಹೊರಗೆ ಹೋಗಲೂ ಆಗದಂತೆ ಕಟ್ಟಿದರೆ ಅದು ಇಲಿಬೋನು.

ನಗರಸಭೆಯವರು, ಪೊಲೀಸರು, ದಸರಾ ಸಮಿತಿಯವರು ಒಬ್ಬ ಎಂಜಿನಿಯರನ್ನು ಕರೆದುಕೊಂಡು ಮಹದೇವಪೇಟೆಯಿಂದ ಗಾಂಧಿ ಮೈದಾನದವರೆಗೆ ಹಬ್ಬಕ್ಕೆ ಮೊದಲೇ ಒಮ್ಮೆ ನಡೆದು ನೋಡಲಿ. ಮಳೆ ನಿಂತ ಮೇಲೆ ಯಾವ ದಿನವಾದರೂ ಸರಿ, ಕರೆದರೆ ಟೇಪ್ ಹಿಡಿದುಕೊಂಡು ನಾನೂ ಬರುತ್ತೇನೆ.

— ಒಬ್ಬ ಓದುಗ, ಮಡಿಕೇರಿ