ಬೂದನ ಎದುರು ‘ಅಯ್ಯೋ’ ಎನ್ನಬೇಡಿ

ಕ್ಯಾಲ್ಗರಿ, ಕೆನಡಾ
ಜನವರಿ, ಬುಧವಾರ ರಾತ್ರಿ

ತೀರ್ಥರೂಪು ಅಪ್ಪಯ್ಯನವರ ಪಾದಗಳಿಗೆ ಮತ್ತು ಅಮ್ಮನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ತೀರ್ಥಹಳ್ಳಿಯ ಕಡೆ ಕೊನೆಕೊಯ್ಲು ಮುಗಿಯುತ್ತ ಬಂದಿರಬೇಕು. ಅಡಿಕೆ ಸುಲಿಯುವ ಗಡಿಬಿಡಿಯ ನಡುವೆಯೂ ಈ ಪತ್ರವನ್ನು ಬಿಡುವು ಮಾಡಿಕೊಂಡು ಅಮ್ಮನಿಗೂ ಅಮ್ಮಮ್ಮನಿಗೂ ಓದಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ಕಳೆದ ಭಾನುವಾರ ವಿಡಿಯೋ ಕರೆಯಲ್ಲಿ ನಮ್ಮ ಗಿಳಿ ಬೂದ ತಾನೇ ಪುಕ್ಕ ಕಿತ್ತುಕೊಂಡು ಬೋಳು ಮಾಡಿಕೊಂಡ ಎದೆಯನ್ನು ಕಂಡು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದು, ಅಮ್ಮಮ್ಮ ಬೇವಿನೆಣ್ಣೆ ಸವರಲು ಹೇಳಿದ್ದು, ನೀವು ‘ಅದಕ್ಕೊಂದು ಜೋಡಿ ತಂದುಬಿಡು’ ಎಂದಿದ್ದು, ಯಾವುದಕ್ಕೂ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಬೂದ ಪಕ್ಕದಲ್ಲಿಯೇ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು, ಅದರ ಎದುರಿಗೆ ಅದರದೇ ಸಂಕಟದ ಮಾತು ಆಡಬಾರದೆಂದು ನಾನು ತಡವಾಗಿ ಕಲಿತಿದ್ದೇನೆ. ಆದ್ದರಿಂದ ಈ ಪತ್ರ.

ಬೂದ ಆಫ್ರಿಕಾದ ಬೂದು ಗಿಳಿ. ಮೈ ಒಲೆಯ ಬೂದಿಯ ಬಣ್ಣ, ಬಾಲ ಮಾತ್ರ ಕುಂಕುಮದ ಕೆಂಪು. ಮುಟ್ಟಿದರೆ ಅಂಗೈಗೆ ಬಿಳಿಯ ಪುಡಿ ಹತ್ತುತ್ತದೆ. ಹೆಸರಿಟ್ಟವನು ನಿಮ್ಮ ಮೊಮ್ಮಗ. ವಯಸ್ಸು ಹತ್ತು ತಿಂಗಳು. ಮರಿಯಾಗಿದ್ದಾಗ ಕಡುಕಪ್ಪಾಗಿರುವ ಇದರ ಕಣ್ಣು ವರ್ಷಗಳು ಕಳೆದಂತೆ ತಿಳಿಯಾಗಿ ಕೊನೆಗೆ ಹಳದಿಗೆ ತಿರುಗುತ್ತದಂತೆ, ಬೂದನದು ಈಗ ನಡುವಿನ ಬಣ್ಣದಲ್ಲಿದೆ. ಗಂಡೋ ಹೆಣ್ಣೋ ಹೊರನೋಟಕ್ಕೆ ತಿಳಿಯುವುದಿಲ್ಲ. ಇದರ ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಮಳೆಕಾಡು. ಕಾಡಿನಿಂದ ಹಿಡಿದು ದೇಶದೇಶಗಳಿಗೆ ಮಾರಿದ್ದರಿಂದ ಸಂತತಿ ಸೊರಗಿ, 2016ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಸೇರಿದ, ವನ್ಯಜೀವಿ ವ್ಯಾಪಾರವನ್ನು ಹತೋಟಿಯಲ್ಲಿಡುವ ದೇಶದೇಶಗಳ ಒಪ್ಪಂದವಾದ ಸೈಟಿಸ್‌ನ ಸಭೆ ಕಾಡಿನ ಹಕ್ಕಿಯ ಅಂತರರಾಷ್ಟ್ರೀಯ ಮಾರಾಟವನ್ನು ನಿಷೇಧಿಸಿತು. ಬೂದ ಪಂಜರದ ಜೋಡಿಗೆ ಇಲ್ಲಿಯೇ ಹುಟ್ಟಿದ ಮರಿ. ಮೊದಲು ಸಾಕಿದವರು ಮನೆ ಬದಲಿಸಬೇಕಾಗಿ ಬಂದು ಅಕ್ಟೋಬರಿನಲ್ಲಿ ನಮಗೆ ಒಪ್ಪಿಸಿದರು. ತೋಟದಲ್ಲಿ ಪೊಟರೆಯಿಂದ ಬಿದ್ದ ಗಿಳಿಮರಿಯನ್ನು ಸಾಕಬಹುದೇ ಎಂದು ತಮ್ಮ ಕೇಳಿದ್ದಾನೆ. ಖಂಡಿತ ಕೂಡದೆಂದು ಹೇಳಿ. ನಮ್ಮ ಕಾಡಿನ ಗಿಳಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮರಿಯನ್ನು ಪೊಟರೆಗೇ ಸೇರಿಸಲಿ, ಆಗದಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಲಿ.

ಬಂದ ಮೂರನೆಯ ವಾರ ಪಂಜರದ ತಳದಲ್ಲಿ ಪುಕ್ಕಗಳು ರಾಶಿ ಬಿದ್ದಿದ್ದವು. ಪುಕ್ಕ ಉದುರಿಸಿ ಹೊಸದು ಹುಟ್ಟಿಸಿಕೊಳ್ಳುವುದು ಹಕ್ಕಿಗಳಿಗೆ ಸಹಜ ತಾನೇ ಎಂದು ಸುಮ್ಮನಿದ್ದೆ. ಎದೆಯ ಮೇಲೆ ರೂಪಾಯಿಯಗಲ ಚರ್ಮ ಕಂಡಾಗ ಗಾಬರಿಯಾಯಿತು. ಪೇಟೆಯ ಅಂಗಡಿಯೊಂದರಲ್ಲಿ ಕಹಿ ದ್ರಾವಣದ ಸೀಸೆಯನ್ನು ಕೊಟ್ಟು, ಸಿಂಪಡಿಸಿದರೆ ಕೊಕ್ಕು ಹಾಕುವುದಿಲ್ಲ ಎಂದರು. ಒಮ್ಮೆ ಸಿಂಪಡಿಸಿದೆ, ಹಕ್ಕಿ ಎರಡು ದಿನ ನನ್ನ ಕೈ ಕಂಡರೆ ಮೂಲೆ ಸೇರಿತು, ಪುಕ್ಕ ಕೀಳುವುದು ಮಾತ್ರ ನಿಲ್ಲಲಿಲ್ಲ. ಸೋಗೆ ಹಳದಿಯಾದರೆ ಬುಡ ನೋಡಬೇಕೆಂದು ನೀವು ಹೇಳುತ್ತಿದ್ದ ಮಾತು ನನಗೆ ಆಗ ನೆನಪಾಗಬೇಕಿತ್ತು.

ಹಕ್ಕಿಗಳನ್ನೇ ನೋಡುವ ಪಶುವೈದ್ಯೆ ಮೊದಲು ಬೂದನನ್ನು ತೂಗಿದರು: 430 ಗ್ರಾಂ, ಚಿಂತೆಯಿಲ್ಲ. ಬಳಿಕ ತಲೆಯನ್ನು ನೋಡಿದರು. ಹಕ್ಕಿಯ ಸ್ವಂತ ಕೊಕ್ಕು ತಲುಪದ ಜಾಗ ಅದು. ಅಲ್ಲಿಯೂ ಪುಕ್ಕವಿಲ್ಲದಿದ್ದರೆ ರೋಗವನ್ನೋ ಇನ್ನೊಂದು ಹಕ್ಕಿಯನ್ನೋ ಅನುಮಾನಿಸಬೇಕಾಗುತ್ತದೆ. ಬೂದನ ತಲೆ ಚೆನ್ನಾಗಿತ್ತು. ಆದರೂ ರಕ್ತ ಮತ್ತು ಹಿಕ್ಕೆಯನ್ನು ಪರೀಕ್ಷೆಗೆ ಕಳಿಸಿದರು, ಏಕೆಂದರೆ ಕೊಕ್ಕು ಮತ್ತು ಪುಕ್ಕವನ್ನು ಕೆಡಿಸುವ ವೈರಸ್, ಪಂಜರದ ತಂತಿಯನ್ನು ಕಡಿದಾಗ ಮೈ ಸೇರುವ ಸತು ಅಥವಾ ಸೀಸ, ಯಕೃತ್ತಿನ ತೊಂದರೆ, ಹೀಗೆ ಹಲವು ಕಾರಣಗಳಿಂದ ಗಿಳಿಗಳು ಪುಕ್ಕ ಕಿತ್ತುಕೊಳ್ಳುತ್ತವೆ, ಅವು ಇಲ್ಲವೆಂದು ಖಾತ್ರಿಯಾಗದೆ ಬೇಸರ, ಹಟ ಎಂದು ಷರಾ ಬರೆಯುವುದು ತಪ್ಪು. ಅವು ಯಾವುವೂ ಇರಲಿಲ್ಲ. ಕ್ಯಾಲ್ಸಿಯಂ ಮಾತ್ರ ಕಡಿಮೆಯಿತ್ತು. ಬರೀ ಸೂರ್ಯಕಾಂತಿ ಬೀಜ ತಿಂದು ಬೆಳೆದ ಬೂದು ಗಿಳಿಗಳಿಗೆ ಇದು ಸಾಮಾನ್ಯವಂತೆ. ಎಡರೆಕ್ಕೆಯ ಗರಿಗಳನ್ನು ಹಿಂದೆ ಯಾರೋ ಒರಟಾಗಿ ಕತ್ತರಿಸಿದ್ದರು. ಮೊಂಡಾದ ತುದಿಗಳು ಪಕ್ಕೆಗೆ ಚುಚ್ಚುತ್ತಿದ್ದವು, ಚುಚ್ಚಿದಲ್ಲೆಲ್ಲ ಬೂದ ಕೊಕ್ಕು ಹಾಕುತ್ತಿತ್ತು.

ಇನ್ನು ಹವೆಯ ಸಂಗತಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಈ ಊರಿಗೆ ಹಿಮವೂ ಸೇರಿ ಬೀಳುವುದು ಸುಮಾರು 420. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿರುವಾಗ ಒಳಗೆ ಹೀಟರು ಹಗಲೂರಾತ್ರಿ ಉರಿಯುತ್ತದೆ, ಇದ್ದಬದ್ದ ತೇವವೂ ಆರಿಹೋಗುತ್ತದೆ. ಮಳೆಗಾಲದಲ್ಲಿ ನಾವು ಬಟ್ಟೆ ಒಣಗಿಸಲು ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟುತ್ತಿದ್ದೆವಲ್ಲ, ಇಲ್ಲಿ ಒದ್ದೆ ಪಂಚೆಯನ್ನು ಪಂಜರದ ಹತ್ತಿರ ಹರವಿದರೆ ಗಂಟೆಯೊಳಗೆ ಹಪ್ಪಳ. ನನ್ನ ಹಿಮ್ಮಡಿಯೇ ಒಡೆದು ಉರಿಯುವಾಗ ಮಳೆಕಾಡಿನ ಹಕ್ಕಿಯ ಚರ್ಮ ತುರಿಸದೆ ಇರುತ್ತದೆಯೇ? ಅಳೆದಾಗ ತೇವಾಂಶ ಶೇಕಡ 20ರ ಆಸುಪಾಸಿನಲ್ಲಿತ್ತು. ಈಗ ನೀರಿನ ಆವಿ ಬಿಡುವ ಯಂತ್ರವನ್ನಿಟ್ಟು 45ಕ್ಕೆ ತಂದಿದ್ದೇವೆ. ಬೆಳಿಗ್ಗೆ ಉಗುರುಬೆಚ್ಚನೆಯ ನೀರನ್ನು ಸೋನೆಯಂತೆ ತಲೆಯ ಮೇಲಿನಿಂದ ಸಿಂಪಡಿಸಿದರೆ ಬೂದ ರೆಕ್ಕೆಯಗಲಿಸಿ ನಿಲ್ಲುತ್ತದೆ.

ಅಮ್ಮಮ್ಮನ ಎಣ್ಣೆಯ ವಿಷಯವೂ ಇಲ್ಲಿಯೇ ಹೇಳಿಬಿಡುತ್ತೇನೆ. ಅವರು ನಮ್ಮ ತಲೆಗೆ ಎಣ್ಣೆಯೊತ್ತಿ ಬೆಳೆಸಿದವರು, ಹೇಳಿದ್ದರಲ್ಲಿ ಪ್ರೀತಿಯೇ ಇದೆ. ಆದರೆ ಎಣ್ಣೆ ತಾಗಿದ ಪುಕ್ಕ ಅಂಟಿಕೊಂಡು ಮೈಯ ಬಿಸಿಯನ್ನು ಹಿಡಿಯಲಾರದು, ಕೊಕ್ಕಿನಿಂದ ಮೈಯನ್ನು ತಿದ್ದಿಕೊಳ್ಳುವಾಗ ಆ ಎಣ್ಣೆಯೆಲ್ಲ ಹಕ್ಕಿಯ ಹೊಟ್ಟೆ ಸೇರುತ್ತದೆ. ಬೇವು, ಅರಿಶಿನ, ಕೊಬ್ಬರಿ ಎಣ್ಣೆ ಯಾವುದೂ ಬೇಡವೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಮನೆಯ ನಾನ್‌ಸ್ಟಿಕ್ ದೋಸೆ ಕಾವಲಿಯನ್ನೂ ಹೊರಹಾಕಿದ್ದೇವೆ. ಅದು ಅತಿಯಾಗಿ ಕಾದರೆ ಹೊರಡುವ ಹೊಗೆ ಹಕ್ಕಿಗಳ ಪ್ರಾಣವನ್ನೇ ತೆಗೆಯುತ್ತದೆ. ಊರಿನಿಂದ ತಂದ ಕಬ್ಬಿಣದ ಕಾವಲಿ ಈಗ ಒಲೆಯ ಮೇಲೆ ಬಂದಿದೆ.

ಕ್ಯಾಲ್ಸಿಯಂ ಮೈಗೆ ಹತ್ತಲು ಬಿಸಿಲು ಬೇಕು. ಕಿಟಕಿಯ ಗಾಜು ಬೇಕಾದ ಕಿರಣವನ್ನೇ ತಡೆಯುವುದರಿಂದ, ಆ ಕಿರಣ ಸೂಸುವ ದೀಪವನ್ನು ಹಗಲು ಕೆಲವು ಗಂಟೆ ಉರಿಸುತ್ತೇವೆ. ಬೀಜವನ್ನು ನಿಧಾನವಾಗಿ ಕಡಿಮೆ ಮಾಡಿ, ಗಿಳಿಗೆಂದೇ ತಯಾರಾದ ಆಹಾರದ ಗುಳಿಗೆಯ ಜೊತೆ ಗೆಣಸು, ಗಜ್ಜರಿ, ಹಸಿರು ಸೊಪ್ಪು ಕೊಡುತ್ತಿದ್ದೇವೆ. ಹೊಸ ತಿನಿಸು ಕಂಡರೆ ಒಂದು ವಾರ ಮುಖ ತಿರುಗಿಸುತ್ತದೆ, ತಮ್ಮ ಹಾಗಲಕಾಯಿಗೆ ಮಾಡುತ್ತಿದ್ದ ಹಾಗೆ. ರಾತ್ರಿ ಹನ್ನೊಂದು ತಾಸುಗಳ ನಿದ್ದೆಗೆ ಮೌನವಾದ ಕತ್ತಲ ಕೋಣೆಯಿದೆ.

ಇಷ್ಟಾದರೂ ಸಂಜೆಯ ಹೊತ್ತು ಕೀಳುವುದು ನಿಲ್ಲಲಿಲ್ಲ. ವೈದ್ಯರ ಮಾತಿನಂತೆ ನೋಟುಪುಸ್ತಕವೊಂದರಲ್ಲಿ ಯಾವಾಗ, ಎಲ್ಲಿ, ಯಾರಿದ್ದಾಗ ಎಂದು ಬರೆದಿಟ್ಟೆ. ಹದಿನೈದು ದಿನದ ಬರಹ ಎರಡು ಸಂಗತಿ ತಿಳಿಸಿತು. ಒಂದು, ಪಂಜರವಿದ್ದ ಕಿಟಕಿಯ ಹೊರಗೆ ಮ್ಯಾಗ್‌ಪೈ ಎಂಬ, ನಮ್ಮ ಕಾಗೆಯ ಬಳಗದ ಕಪ್ಪುಬಿಳಿ ಹಕ್ಕಿಗಳು ಬಂದು ಗಲಾಟೆ ಮಾಡುತ್ತಿದ್ದವು, ನಾಲ್ಕೂ ಕಡೆ ತೆರೆದ ಪಂಜರದಲ್ಲಿ ಬೂದನಿಗೆ ಬೆನ್ನು ಕೊಡಲು ಗೋಡೆಯಿರಲಿಲ್ಲ. ಪಂಜರವನ್ನು ಮೂಲೆಗೆ ಸರಿಸಿದೆವು. ಎರಡನೆಯ ಸಂಗತಿ ಬರೆಯಲು ನನಗೆ ನಾಚಿಕೆ. ನಾನು ಕೆಲಸ ಮುಗಿಸಿ ಬಂದು ಅಡುಗೆಮನೆ ಸೇರಿದ ಕೂಡಲೇ ಅದು ಪುಕ್ಕ ಕೀಳುತ್ತಿತ್ತು, ಕಿತ್ತೊಡನೆ ನಾನು ಸೌಟನ್ನು ಬಿಟ್ಟು ‘ಅಯ್ಯೋ ಬೂದಾ’ ಎಂದು ಓಡಿಬರುತ್ತಿದ್ದೆ. ಸುಮ್ಮನೆ ಆಡಿಕೊಂಡಿದ್ದಾಗ ಮಾತಾಡಿಸದ ನಾನು ಪುಕ್ಕ ಕಿತ್ತಾಗ ತಪ್ಪದೆ ಬರುತ್ತೇನೆಂದು ಅದಕ್ಕೆ ಕಲಿಸಿದವಳು ನಾನೇ. ಈಗ ಅದು ಪುಕ್ಕಕ್ಕೆ ಕೊಕ್ಕು ಹಾಕುವ ಮೊದಲು ತಾನೇ ‘ಅಯ್ಯೋ’ ಎನ್ನುತ್ತದೆ, ಅದೂ ವಿಡಿಯೋ ಕರೆಯಲ್ಲಿ ಕೇಳಿದ ಅಮ್ಮನ ದನಿಯಲ್ಲಿ!

ಜೋಡಿಯ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಕಾಡಿನಲ್ಲಿ ಇವು ಹಿಂಡಿನಲ್ಲಿಯೇ ಬಾಳುವ ಹಕ್ಕಿಗಳು. ಆದರೆ ಈಗಲೇ ತಂದರೆ ಎರಡೂ ಕಾದಾಡಬಹುದು, ಒಂದನ್ನು ನೋಡಿ ಇನ್ನೊಂದೂ ಕೀಳಲು ಕಲಿಯಬಹುದು. ನಲವತ್ತು ವರ್ಷಕ್ಕೂ ಮೇಲೆ ಬದುಕುವ ಜೀವವಾದ್ದರಿಂದ ಅವಸರವೇನೂ ಇಲ್ಲ. ಸದ್ಯಕ್ಕೆ ಅದರ ಕೊಕ್ಕಿಗೆ ಕೆಲಸ ಬೇಕು. ಕಾಡಿನಲ್ಲಿ ಹಗಲಿನ ಬಹುಪಾಲು ಆಹಾರ ಹುಡುಕುವುದರಲ್ಲಿಯೇ ಕಳೆಯುತ್ತಿತ್ತು, ಇಲ್ಲಿ ಬಟ್ಟಲಿನಲ್ಲಿ ಸಿಕ್ಕಿ ಹತ್ತು ನಿಮಿಷಕ್ಕೆ ಮುಗಿದರೆ ಉಳಿದ ಹೊತ್ತು ಏನು ಮಾಡಬೇಕು? ಮರದ ತುಂಡು, ರಟ್ಟಿನ ಡಬ್ಬಿ ಎಲ್ಲ ಕೊಟ್ಟು ನೋಡಿದೆ. ಕೊನೆಗೆ ಅದಕ್ಕೆ ಹಿಡಿಸಿದ್ದು ಯಾವುದು ಗೊತ್ತೇ? ಅಡಿಕೆ ಹಾಳೆ! ಇಲ್ಲಿನ ಅಂಗಡಿಯಲ್ಲಿ ಹಾಳೆತಟ್ಟೆ ಸಿಗುತ್ತದೆ. ಬಣ್ಣ, ಮೆರುಗು ಯಾವುದೂ ಇಲ್ಲದ್ದೆಂದು ವೈದ್ಯರಿಂದ ಖಚಿತಪಡಿಸಿಕೊಂಡು, ಎರಡು ತಟ್ಟೆಗಳ ನಡುವೆ ಬಾದಾಮಿಯಿಟ್ಟು ಸೆಣಬಿನ ದಾರದಿಂದ ಹೊಲಿದು ತೂಗುಹಾಕುತ್ತೇನೆ. ಅದನ್ನು ನಾರುನಾರಾಗಿ ಸೀಳಿ ಬಾದಾಮಿ ತೆಗೆಯಲು ಅರ್ಧ ಗಂಟೆಯಾದರೂ ಬೇಕು, ಅಷ್ಟು ಹೊತ್ತು ಎದೆಯ ನೆನಪಿರುವುದಿಲ್ಲ.

ಕಳೆದ ವಾರ ಎದೆಯಲ್ಲಿ ಹೊಸ ಪುಕ್ಕದ ಮೊಳಕೆಗಳು ಮುಳ್ಳಿನಂತೆ ಎದ್ದಿದ್ದವು. ಸೋಮವಾರ ನಾಲ್ಕನ್ನು ಕಿತ್ತುಹಾಕಿತು, ರಕ್ತವೂ ಬಂತು. ಪದೇಪದೇ ಕಿತ್ತ ಜಾಗದಲ್ಲಿ ಪುಕ್ಕ ಎಂದೂ ಬಾರದಿರಬಹುದು, ಒಂದಿಷ್ಟು ಎದೆ ಹೀಗೆಯೇ ಬೋಳಾಗಿ ಉಳಿದೀತು ಎಂದು ವೈದ್ಯರು ಮೊದಲೇ ಹೇಳಿದ್ದಾರೆ. ಮೊಂಡು ಗರಿಗಳು ಉದುರಿ ಹೊಸತು ಬರಲು ಇನ್ನೊಂದು ವರ್ಷವಾದರೂ ಹಿಡಿಯುತ್ತದೆ.

ಬರುವ ಭಾನುವಾರ ನಿಮ್ಮೆಲ್ಲರಿಂದ ಒಂದು ಉಪಕಾರವಾಗಬೇಕು. ಬೂದ ಎದೆಗೆ ಕೊಕ್ಕು ಹಾಕಿದರೆ ಯಾರೂ ‘ಅಯ್ಯೋ, ಪಾಪ’ ಎನ್ನಬೇಡಿ, ಗದರಲೂ ಬೇಡಿ; ಅಡಿಕೆಯ ಧಾರಣೆಯನ್ನೋ ಎಲೆಚುಕ್ಕಿ ರೋಗದ ಸುದ್ದಿಯನ್ನೋ ಮುಂದುವರಿಸಿ. ಹಾಳೆ ಸೀಳುತ್ತ ಕುಳಿತಿದ್ದಾಗ ಮಾತ್ರ ಹೆಸರು ಹಿಡಿದು ಮಾತಾಡಿಸಿ. ಅಮ್ಮನಿಗೆ ತಡೆಯಲಾಗದಿದ್ದರೆ ಆ ಹೊತ್ತಿಗೆ ಅಡುಗೆಮನೆಗೆ ಎದ್ದು ಹೋಗಲಿ, ನಾನು ತಪ್ಪು ತಿಳಿಯುವುದಿಲ್ಲ.

ಇಂತಿ ನಿಮ್ಮ ಪ್ರೀತಿಯ ಮಗಳು